ಎಂಜಿನ್ ನಿಂತರೂ ನಿಲ್ಲದ ರೆಕ್ಕೆ

1972ರ ಜೂನ್ 21. ದಕ್ಷಿಣ ಫ್ರಾನ್ಸಿನ ಇಸ್ತ್ರ್ ವಿಮಾನ ನೆಲೆಯಿಂದ ಪುಟ್ಟ ಹೆಲಿಕಾಪ್ಟರೊಂದು ಮೇಲೇರಿತು. ಅದರ ಹೆಸರು ಲಾಮಾ. ಒಳಗಿದ್ದವರು ಒಬ್ಬರೇ, ಪರೀಕ್ಷಾ ಪೈಲಟ್ ಝಾನ್ ಬೂಲೆ. ಹೆಲಿಕಾಪ್ಟರ್ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ನೋಡುವುದೇ ಅಂದಿನ ಉದ್ದೇಶ. ಭಾರ ಇಳಿಸಲೆಂದು ಅಗತ್ಯವಿಲ್ಲದ ಸಲಕರಣೆಗಳನ್ನೆಲ್ಲ ಮೊದಲೇ ಕಿತ್ತಿಡಲಾಗಿತ್ತು.

ಲಾಮಾ 12,442 ಮೀಟರ್ ಎತ್ತರ ಮುಟ್ಟಿತು. ಎವರೆಸ್ಟ್ ಶಿಖರಕ್ಕಿಂತ ಮೂರೂವರೆ ಕಿಲೋಮೀಟರ್ ಮೇಲೆ! ಹೊರಗಿನ ಉಷ್ಣಾಂಶ ಸುಮಾರು ಮೈನಸ್ 63 ಡಿಗ್ರಿ. ಇಳಿಯಲೆಂದು ಬೂಲೆ ಶಕ್ತಿ ತಗ್ಗಿಸಿದರು. ಆ ಗಳಿಗೆಯಲ್ಲೇ ಎಂಜಿನ್ ಆರಿಹೋಯಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಮುಂದಿನ ಗಾಜಿನ ಮೇಲೆ ಹಿಮ ಕಟ್ಟಿತು. ಕೆಳಗೆ ಹನ್ನೆರಡು ಕಿಲೋಮೀಟರ್ ಆಳದಲ್ಲಿ ನೆಲ.

ಅಷ್ಟೆತ್ತರದಿಂದ ಎಂಜಿನ್ ಇಲ್ಲದೆಯೇ ಬೂಲೆ ಸುರಕ್ಷಿತವಾಗಿ ಇಳಿದರು. ಒಂದೇ ಹಾರಾಟದಲ್ಲಿ ಎರಡು ದಾಖಲೆಗಳಾದವು. ಅತಿ ಎತ್ತರಕ್ಕೆ ಏರಿದ್ದು ಒಂದು. ಎಂಜಿನ್ ಸತ್ತ ಹೆಲಿಕಾಪ್ಟರನ್ನು ಅಷ್ಟು ಎತ್ತರದಿಂದ ಇಳಿಸಿದ್ದು ಇನ್ನೊಂದು.

ವಿಮಾನಕ್ಕಾದರೆ ರೆಕ್ಕೆ ಇದೆ. ಎಂಜಿನ್ ನಿಂತರೆ ಹದ್ದಿನ ಹಾಗೆ ತೇಲುತ್ತ ಬರಬಹುದು. ಹೆಲಿಕಾಪ್ಟರಿಗೆ ಏನಿದೆ? ಎಂಜಿನ್ ನಿಂತರೆ ಅದು ಕಲ್ಲಿನ ಹಾಗೆ ಬೀಳಬೇಕಲ್ಲವೇ? ಹೀಗೆ ಕೇಳುವವರೇ ಹೆಚ್ಚು. ಬೀಳುವುದಿಲ್ಲ ಎಂಬುದು ಉತ್ತರ. ಆದರೆ ಈ ಉತ್ತರಕ್ಕೊಂದು ಷರತ್ತಿದೆ. ಆಪತ್ತಿನ ಗಳಿಗೆಯಲ್ಲಿ ಮನುಷ್ಯನ ಕೈ ಸಹಜವಾಗಿ ಏನು ಮಾಡಲು ಹೋಗುತ್ತದೋ, ಬಹುಪಾಲು ಅದರ ವಿರುದ್ಧವನ್ನೇ ಪೈಲಟ್ ಮಾಡಬೇಕು. ಹೆಲಿಕಾಪ್ಟರಿನ ತುರ್ತು ಸಂದರ್ಭಗಳನ್ನು ನಿಭಾಯಿಸುವ ವಿದ್ಯೆಯ ನೂರು ವರ್ಷಗಳ ಚರಿತ್ರೆ ಎಂದರೆ ಈ ವಿರುದ್ಧದ ನಡೆಯನ್ನು ಕಲಿತ ಮತ್ತು ಕಲಿಸಿದ ಚರಿತ್ರೆ.

ಗಿರಗಿಟ್ಲೆಯ ಗುಟ್ಟು

ಜಾತ್ರೆಯಲ್ಲಿ ಕೊಂಡ ಗಿರಗಿಟ್ಲೆ ಹಿಡಿದು ಓಡುವ ಮಗುವನ್ನು ಎಲ್ಲರೂ ನೋಡಿರುತ್ತಾರೆ. ಗಿರಗಿಟ್ಲೆಗೆ ಎಂಜಿನ್ ಇಲ್ಲ, ಎದುರಿನಿಂದ ಬರುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಬೆಂಗಳೂರಿನ ಹಳೆಯ ರಸ್ತೆಗಳ ಬದಿಯ ಮಹಾಗನಿ ಮರಗಳೂ ಬೇಸಿಗೆಯಲ್ಲಿ ಇದೇ ಪಾಠ ಹೇಳುತ್ತವೆ. ಕಾಯಿ ಒಡೆದಾಗ ಒಂಟಿ ರೆಕ್ಕೆಯ ಬೀಜ ಕಲ್ಲಿನಂತೆ ಬೀಳದೆ ಗಿರಗಿರನೆ ತಿರುಗುತ್ತ, ನಿಧಾನವಾಗಿ ನೆಲಕ್ಕಿಳಿಯುತ್ತದೆ. ಬೀಳುವಾಗ ಕೆಳಗಿನಿಂದ ಮೇಲಕ್ಕೆ ಬರುವ ಗಾಳಿ ಅದನ್ನು ತಿರುಗಿಸುತ್ತದೆ. ತಿರುಗುವುದರಿಂದ ಅದಕ್ಕೆ ಎತ್ತುವ ಬಲ ಹುಟ್ಟುತ್ತದೆ.

ಹೆಲಿಕಾಪ್ಟರಿನ ನೆತ್ತಿಯ ಮೇಲೆ ತಿರುಗುವ ರೋಟರ್ ಕೂಡ ಹೀಗೆಯೇ. ಮಾಮೂಲಿ ಹಾರಾಟದಲ್ಲಿ ಎಂಜಿನ್ ಅದನ್ನು ತಿರುಗಿಸುತ್ತದೆ, ಗಾಳಿ ಮೇಲಿನಿಂದ ಕೆಳಕ್ಕೆ ದಬ್ಬಲ್ಪಡುತ್ತದೆ. ಎಂಜಿನ್ ನಿಂತಾಗ ಇಡೀ ಯಂತ್ರ ಇಳಿಯತೊಡಗುತ್ತದೆ, ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ರೆಕ್ಕೆಗಳ ಓರೆಯನ್ನು ಸರಿಯಾಗಿ ಇಟ್ಟುಕೊಂಡರೆ ಆ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ಇದಕ್ಕೆ ಆಟೊರೊಟೇಷನ್, ಅಂದರೆ ತಾನಾಗಿ ತಿರುಗುವುದು, ಎಂದು ಹೆಸರು.

ಎಂಜಿನ್ ಕೆಟ್ಟು ನಿಂತರೆ ಅದು ರೋಟರನ್ನೂ ಹಿಡಿದು ನಿಲ್ಲಿಸಿಬಿಡುವುದಿಲ್ಲವೇ ಎಂಬ ಅನುಮಾನ ಬರಬಹುದು. ಅದಕ್ಕೂ ಒಂದು ಉಪಾಯವಿದೆ. ಸೈಕಲ್ ಇಳಿಜಾರಿನಲ್ಲಿ ಓಡುವಾಗ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ನಿಲ್ಲುವುದಿಲ್ಲ. ಫ್ರೀವೀಲ್ ಚಕ್ರವನ್ನು ಬಿಟ್ಟುಕೊಡುತ್ತದೆ. ಎಂಜಿನ್ ಮತ್ತು ರೋಟರಿನ ನಡುವೆಯೂ ಅಂಥದೇ ಫ್ರೀವೀಲ್ ಇರುತ್ತದೆ. ಎಂಜಿನ್ ಸತ್ತರೂ ರೋಟರಿಗೆ ಬಿಡುಗಡೆ.

ಬಿದ್ದ ವಿಮಾನ, ಬೆತ್ತದ ಮಾದರಿ

ಈ ಗುಟ್ಟನ್ನು ಹಾರುವ ಯಂತ್ರಕ್ಕೆ ತಂದವರು ಸ್ಪೇನಿನ ಹುಆನ್ ದೆ ಲಾ ಸಿಯೆರ್ವಾ. ಸೋಜಿಗವೆಂದರೆ ಅವರು ಹೆಲಿಕಾಪ್ಟರ್ ಕಟ್ಟಲು ಹೊರಟವರೇ ಅಲ್ಲ. 1919ರಲ್ಲಿ ಅವರು ರೂಪಿಸಿದ್ದ ಮೂರು ಎಂಜಿನ್‌ಗಳ ಬಾಂಬರ್ ವಿಮಾನ ನೆಲದ ಸಮೀಪದಲ್ಲೇ ವೇಗ ಕಳೆದುಕೊಂಡು ಬಿತ್ತು. ವಿಮಾನದ ವೇಗ ಒಂದು ಮಿತಿಗಿಂತ ತಗ್ಗಿದರೆ ರೆಕ್ಕೆ ಎತ್ತುವ ಬಲವನ್ನೇ ಬಿಟ್ಟುಕೊಡುತ್ತದೆ. ಇದನ್ನು 'ಸ್ಟಾಲ್' ಎನ್ನುತ್ತಾರೆ. ಸಿಯೆರ್ವಾರ ತಲೆ ಹೊಕ್ಕ ಪ್ರಶ್ನೆ ಸರಳವಾದದ್ದು: ವಿಮಾನ ನಿಧಾನವಾದರೂ ರೆಕ್ಕೆಯ ವೇಗ ತಗ್ಗದಂತೆ ಮಾಡಲು ಸಾಧ್ಯವೇ? ರೆಕ್ಕೆಯೇ ತಿರುಗುತ್ತಿದ್ದರೆ ಸಾಧ್ಯ.

ಮೊದಲ ಪ್ರಯತ್ನಗಳು ಕೈಕೊಟ್ಟವು. ಯಂತ್ರ ಮುಂದಕ್ಕೆ ಓಡುವಾಗ ರೋಟರಿನ ಒಂದು ಬದಿಯ ರೆಕ್ಕೆ ಗಾಳಿಗೆ ಎದುರಾಗಿ ಬರುತ್ತದೆ, ಇನ್ನೊಂದು ಬದಿಯದು ಗಾಳಿಯ ಜೊತೆಗೆ ಹಿಂದಕ್ಕೆ ಹೋಗುತ್ತದೆ. ಎದುರಾಗುವ ಕಡೆ ಎತ್ತುವ ಬಲ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಹಾಗಾಗಿ ಯಂತ್ರ ಮಗ್ಗುಲಾಗಿ ಉರುಳುತ್ತಿತ್ತು. ಆದರೆ ಬೆತ್ತ ಬಳಸಿ ಮಾಡಿದ್ದ ಸಣ್ಣ ಮಾದರಿ ಮಾತ್ರ ಚೆನ್ನಾಗಿ ಹಾರುತ್ತಿತ್ತು! ಕಾರಣ ಹುಡುಕಿದಾಗ ಹೊಳೆಯಿತು, ಬೆತ್ತ ಬಾಗುತ್ತದೆ. ಬಲ ಹೆಚ್ಚಾದ ರೆಕ್ಕೆ ತುಸು ಮೇಲೆದ್ದು, ಕಡಿಮೆಯಾದದ್ದು ತುಸು ತಗ್ಗಿ ಎರಡೂ ಕಡೆ ಸರಿದೂಗುತ್ತದೆ. ಸಿಯೆರ್ವಾ ದೊಡ್ಡ ಯಂತ್ರದ ರೆಕ್ಕೆಗಳ ಬುಡಕ್ಕೆ ಬಾಗಿಲಿಗೆ ಹಾಕುವಂತೆ ಕೀಲು ಹಾಕಿದರು. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಸಮೀಪದ ಹೆತಾಫೆಯಲ್ಲಿ ಅವರ ನಾಲ್ಕನೆಯ ಯಂತ್ರ ಹಾರಿತು. ಅದಕ್ಕಿಟ್ಟ ಹೆಸರು ಆಟೊಜೈರೊ.

ಕೆಲವೇ ದಿನಗಳಲ್ಲಿ ಪರೀಕ್ಷೆ ಎದುರಾಯಿತು. ನೆಲ ಬಿಟ್ಟು ಕೆಲವು ಮೀಟರ್ ಮೇಲೇರುವಷ್ಟರಲ್ಲಿ ಎಂಜಿನ್ ಕೈಕೊಟ್ಟಿತು. ಮೂತಿ ಮೇಲಾಗಿತ್ತು, ವೇಗ ಇರಲಿಲ್ಲ. ಮಾಮೂಲಿ ವಿಮಾನವಾಗಿದ್ದರೆ ಮಗುಚಿ ಬೀಳುತ್ತಿತ್ತು. ಆಟೊಜೈರೊ ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ಕುಳಿತಿತು.

ಆಟೊಜೈರೊದ ರೋಟರಿಗೆ ಎಂಜಿನ್ನಿನ ಆಸರೆಯೇ ಇಲ್ಲ. ಎಂಜಿನ್ ಮೂತಿಯ ಪ್ರೊಪೆಲರನ್ನು ತಿರುಗಿಸಿ ಯಂತ್ರವನ್ನು ಮುಂದಕ್ಕೆಳೆಯುತ್ತದೆ; ರೋಟರ್ ಸದಾ ಗಾಳಿಯಿಂದಲೇ ತಿರುಗುತ್ತದೆ. 1928ರ ಸೆಪ್ಟೆಂಬರಿನಲ್ಲಿ ಸಿಯೆರ್ವಾ ಇಂಗ್ಲಿಷ್ ಕಾಲುವೆಯನ್ನೇ ಇದರಲ್ಲಿ ದಾಟಿದರು. ಆದರೆ ಇದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಲಾರದು. ಆ ಕೆಲಸಕ್ಕೆ ಹೆಲಿಕಾಪ್ಟರೇ ಬರಬೇಕಿತ್ತು. ಅದು ಬಂದಾಗ ಸಿಯೆರ್ವಾರ ಕೀಲು ಮತ್ತು ತಾನಾಗಿ ತಿರುಗುವ ವಿದ್ಯೆ ಎರಡನ್ನೂ ತನ್ನದಾಗಿಸಿಕೊಂಡಿತು. ಅದು ಪೂರ್ಣವಾಗಿ ಬೆಳೆದದ್ದನ್ನು ನೋಡಲು ಸಿಯೆರ್ವಾ ಇರಲಿಲ್ಲ. ಸ್ಟಾಲ್ ಆಗದ ಯಂತ್ರಕ್ಕಾಗಿ ಜೀವ ತೇಯ್ದ ಅವರು 1936ರ ಡಿಸೆಂಬರ್ 9ರಂದು ಲಂಡನ್ನಿನ ಕ್ರಾಯ್ಡನ್ನಿನಲ್ಲಿ ಮಂಜಿನ ನಡುವೆ ಮೇಲೇರುತ್ತಿದ್ದ ಪ್ರಯಾಣಿಕರ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 41.

ನಿಂತ ಎಂಜಿನ್, ಇಳಿದ ಹೆಲಿಕಾಪ್ಟರ್

ಜರ್ಮನಿಯ ಫೊಕೆ-ವುಲ್ಫ್ 61 ಎಂಬ ಹೆಲಿಕಾಪ್ಟರ್ 1936ರ ಜೂನಿನಲ್ಲಿ ಮೊದಲು ಹಾರಿತು. 1937ರ ಮೇ 10ರಂದು ಅದರ ಪೈಲಟ್ ಬೇಕೆಂದೇ ಎಂಜಿನ್ ನಿಲ್ಲಿಸಿ, ಆಟೊರೊಟೇಷನ್‌ನಲ್ಲಿ ಕೆಳಗಿಳಿಸಿ ತೋರಿಸಿದರು. ಹೆಲಿಕಾಪ್ಟರ್ ಬಳಕೆಗೆ ಯೋಗ್ಯವೆಂದು ಲೋಕ ನಂಬಲು ಇಂಥದೊಂದು ಸಾಕ್ಷ್ಯ ಬೇಕಾಗಿತ್ತು.

ಅಮೆರಿಕದಲ್ಲಿ ಇಗೊರ್ ಸಿಕೊರ್ಸ್ಕಿ 1939ರ ಸೆಪ್ಟೆಂಬರಿನಲ್ಲಿ ತಮ್ಮ ವಿಎಸ್-300 ಯಂತ್ರವನ್ನು ಹಗ್ಗ ಕಟ್ಟಿಕೊಂಡೇ ನೆಲ ಬಿಡಿಸಿದರು. ಅದರ ವಂಶದ ಆರ್-4 ಮಾದರಿ ಐದು ವರ್ಷ ತುಂಬುವ ಮೊದಲೇ ಭಾರತದ ನೆರೆಯ ಯುದ್ಧಭೂಮಿಗೆ ಬಂತು. 1944ರ ಏಪ್ರಿಲ್ ಕೊನೆಯ ವಾರ, ಬರ್ಮಾದ ಕಾಡಿನಲ್ಲಿ ಜಪಾನಿ ಪಡೆಗಳ ನಡುವೆ ಸಣ್ಣ ವಿಮಾನವೊಂದು ಬಿದ್ದಿತ್ತು. ಅದರ ಪೈಲಟ್ ಹಾಗೂ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರನ್ನು ಕರೆತರಲು ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಹೊರಟವರು ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್. ಬಿಸಿಲಿಗೆ ಗಾಳಿ ತೆಳುವಾಗಿತ್ತು, ಎಂಜಿನ್ ಕಾದು ಕೆಂಪಾಗುತ್ತಿತ್ತು. ಒಂದು ಸಲಕ್ಕೆ ಒಬ್ಬರನ್ನಷ್ಟೇ ಹೊರಲು ಸಾಧ್ಯವಿತ್ತು. ನಡುವೆ ಎಂಜಿನ್ ತಣಿಯಲು ಕಾಯುತ್ತ, ಎರಡು ದಿನಗಳಲ್ಲಿ ನಾಲ್ಕು ಸಲ ಹೋಗಿ ಬಂದು ನಾಲ್ವರನ್ನೂ ಹಾರ್ಮನ್ ಹೊರತಂದರು. ಯುದ್ಧಭೂಮಿಯಿಂದ ಹೆಲಿಕಾಪ್ಟರ್ ಜೀವ ಉಳಿಸಿದ ಮೊದಲ ಪ್ರಸಂಗಗಳಲ್ಲಿ ಇದು ಪ್ರಸಿದ್ಧ. ಯಂತ್ರದ ಮಿತಿಯನ್ನು ಒಪ್ಪಿಕೊಂಡು ಅದರೊಳಗೇ ಕೆಲಸ ಮಾಡುವ ತಾಳ್ಮೆಯೂ ತುರ್ತು ವಿದ್ಯೆಯ ಭಾಗ ಎಂಬುದಕ್ಕೆ ಅದು ಆಗಲೇ ನಿದರ್ಶನವಾಯಿತು.

ಕೈ ಮೇಲೆಳೆಯಬಾರದು

ಹೆಲಿಕಾಪ್ಟರಿನ ಪೈಲಟ್ಟಿಗೆ ಎರಡೂ ಕೈ, ಎರಡೂ ಕಾಲಿಗೆ ಕೆಲಸ. ಎಡಗೈಯಲ್ಲಿ 'ಕಲೆಕ್ಟಿವ್' ಎಂಬ ಸನ್ನೆ. ಅದನ್ನು ಎಳೆದರೆ ಎಲ್ಲ ರೆಕ್ಕೆಗಳ ಓರೆ ಒಟ್ಟಿಗೇ ಹೆಚ್ಚಿ ಯಂತ್ರ ಮೇಲೇರುತ್ತದೆ, ಇಳಿಸಿದರೆ ಕೆಳಗಿಳಿಯುತ್ತದೆ. ಬಲಗೈಯಲ್ಲಿ 'ಸೈಕ್ಲಿಕ್' ಎಂಬ ಕೋಲು. ಯಾವ ದಿಕ್ಕಿಗೆ ಬಾಗಿಸಿದರೆ ಯಂತ್ರ ಆ ದಿಕ್ಕಿಗೆ ಸಾಗುತ್ತದೆ. ಕಾಲಡಿಯ ಪೆಡಲ್‌ಗಳು ಬಾಲದ ಸಣ್ಣ ರೋಟರನ್ನು ನಿಯಂತ್ರಿಸಿ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತವೆ.

ಎಂಜಿನ್ ನಿಂತ ಕ್ಷಣ ಯಂತ್ರ ಕುಸಿಯುತ್ತದೆ. ಕುಸಿಯುವಾಗ ಕೈ ತಾನಾಗಿ ಮಾಡುವ ಕೆಲಸ ಎಡಗೈಯ ಸನ್ನೆಯನ್ನು ಮೇಲೆಳೆಯುವುದು. ಅದೇ ಸಾವಿನ ದಾರಿ. ಓರೆ ಹೆಚ್ಚಿದ ರೆಕ್ಕೆಗೆ ಗಾಳಿಯ ತಡೆ ಹೆಚ್ಚು. ಎಂಜಿನ್ನಿನ ಬಲವಿಲ್ಲದ ರೋಟರ್ ಬೇಗ ನಿಧಾನವಾಗುತ್ತದೆ. ಒಂದು ಮಿತಿಗಿಂತ ನಿಧಾನವಾದ ರೋಟರಿಗೆ ಮರಳಿ ವೇಗ ಬರುವುದಿಲ್ಲ. ಆಗ ಹೆಲಿಕಾಪ್ಟರ್ ನಿಜಕ್ಕೂ ಕಲ್ಲೇ. ಆದ್ದರಿಂದ ಪೈಲಟ್ ಮಾಡಬೇಕಾದ ಮೊದಲ ಕೆಲಸ ಸನ್ನೆಯನ್ನು ಪೂರ್ತಿ ಕೆಳಗೊತ್ತುವುದು. ಬೀಳುತ್ತಿರುವಾಗ ಇನ್ನಷ್ಟು ಬೇಗ ಇಳಿಯಲು ಒಪ್ಪಿಕೊಳ್ಳುವುದು! ಇದಕ್ಕಿರುವ ಅವಕಾಶ ಹಗುರ ರೋಟರಿನ ಸಣ್ಣ ಯಂತ್ರಗಳಲ್ಲಿ ಒಂದೆರಡು ಸೆಕೆಂಡು ಮಾತ್ರ. ತರಬೇತಿಗೆ ಹೆಚ್ಚು ಬಳಕೆಯಾಗುವ ರಾಬಿನ್ಸನ್ ಆರ್-22 ಅಂಥದು. ರೋಟರ್ ವೇಗ ಕಳೆದುಕೊಂಡದ್ದೂ ಸೇರಿದಂತೆ ಹಲವು ಅಪಘಾತಗಳ ನಂತರ, 1995ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಅದನ್ನು ಹಾರಿಸುವವರಿಗೆ ವಿಶೇಷ ತರಬೇತಿ ಕಡ್ಡಾಯ ಮಾಡಿತು.

ಸನ್ನೆ ಇಳಿಸಿದ ಮೇಲೆ ಉಸಿರಾಡಲು ತುಸು ಬಿಡುವು. ಮುಂದಕ್ಕೆ ಹದವಾದ ವೇಗ ಇಟ್ಟುಕೊಂಡು ಇಳಿಯಲು ಬಯಲು ಹುಡುಕಬೇಕು. ನಿಮಿಷಕ್ಕೆ 1,500ರಿಂದ 2,000 ಅಡಿ ಇಳಿಯುವ ಯಂತ್ರಕ್ಕೆ 1,000 ಅಡಿ ಎತ್ತರದಿಂದ ನೆಲ ಸೇರಲು ಬೇಕಾದದ್ದು ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು ನಿಮಿಷ. ನೆಲ ಹತ್ತಿರವಾದಾಗ ಮೂತಿ ಎತ್ತಿ ಓಟವನ್ನು ಮುರಿಯಬೇಕು. ಆಗ ರೋಟರಿಗೆ ಇನ್ನಷ್ಟು ಗಾಳಿ ಸಿಕ್ಕಿ ಅದು ಇನ್ನೂ ಜೋರಾಗಿ ತಿರುಗುತ್ತದೆ. ಕೊನೆಯ ಕೆಲವು ಅಡಿಗಳಲ್ಲಿ ಯಂತ್ರವನ್ನು ಸಮತಟ್ಟು ಮಾಡಿ, ಅಲ್ಲಿಯವರೆಗೆ ಒತ್ತಿ ಹಿಡಿದಿದ್ದ ಸನ್ನೆಯನ್ನು ಮೇಲೆಳೆಯಬೇಕು. ತಿರುಗುವ ರೋಟರಿನಲ್ಲಿ ಕೂಡಿಟ್ಟ ಬಲವೆಲ್ಲ ಆಗ ಖರ್ಚಾಗಿ ಯಂತ್ರ ಮೆತ್ತಗೆ ಕೂರುತ್ತದೆ. ಈ ಗಂಟು ಒಂದೇ ಸಲ ಬಿಚ್ಚುವಂಥದು. ಮೂವತ್ತು ಅಡಿ ಮೇಲೆಯೇ ಬಿಚ್ಚಿಬಿಟ್ಟರೆ ಕೆಳಗೆ ಬರುವಾಗ ಕೈ ಖಾಲಿ.

ಎತ್ತರ ಮತ್ತು ವೇಗ, ಇವೆರಡೇ ಪೈಲಟ್ಟಿನ ಉಳಿತಾಯ. ಒಂದಲ್ಲ ಒಂದು ಕೈಯಲ್ಲಿರಬೇಕು. ಎರಡೂ ಇಲ್ಲದ ಸ್ಥಿತಿಯನ್ನು ಪ್ರತಿ ಮಾದರಿಯ ಕೈಪಿಡಿಯಲ್ಲೂ ನಕ್ಷೆಯಾಗಿ ಬರೆದಿರುತ್ತಾರೆ. ಪೈಲಟ್‌ಗಳು ಅದನ್ನು 'ಸತ್ತವನ ರೇಖೆ' ಎಂದು ಕರೆಯುತ್ತಾರೆ. ಒಂದೇ ಎಂಜಿನ್ನಿನ ಸಣ್ಣ ಹೆಲಿಕಾಪ್ಟರಿನಲ್ಲಿ ಸುಮಾರು ಹತ್ತು ಅಡಿಯಿಂದ ನಾಲ್ಕೈದು ನೂರು ಅಡಿಯವರೆಗೆ ನಿಂತಲ್ಲೇ ನಿಲ್ಲುವುದು ಈ ರೇಖೆಯ ಒಳಗಿನ ವಾಸ. ಅಲ್ಲಿ ಎಂಜಿನ್ ನಿಂತರೆ ರೋಟರಿಗೆ ಗಾಳಿ ಸಿಗುವಷ್ಟು ಎತ್ತರವೂ ಇಲ್ಲ, ಓಟವೂ ಇಲ್ಲ.

ತನ್ನ ಗಾಳಿಯಲ್ಲೇ ಮುಳುಗುವುದು

ಎಂಜಿನ್ ಚೆನ್ನಾಗಿದ್ದಾಗಲೂ ಹೆಲಿಕಾಪ್ಟರ್ ಬೀಳಬಹುದು. ಮುಂದಕ್ಕೆ ಹೆಚ್ಚು ಓಟವಿಲ್ಲದೆ ನೇರವಾಗಿ, ಬೇಗನೆ ಇಳಿಯುವಾಗ ಅದು ತಾನೇ ಕೆಳಕ್ಕೆ ದಬ್ಬಿದ ಗಾಳಿಯೊಳಕ್ಕೆ ಇಳಿಯುತ್ತದೆ. ರೆಕ್ಕೆಗಳ ಸುತ್ತ ಗಾಳಿ ಉಂಗುರದಂತೆ ಸುತ್ತತೊಡಗುತ್ತದೆ, ಎತ್ತುವ ಬಲ ಕರಗುತ್ತದೆ. ಇನ್ನಷ್ಟು ಶಕ್ತಿ ಕೊಡೋಣ ಎನಿಸುವುದು ಸಹಜ. ಶಕ್ತಿ ಕೊಟ್ಟಷ್ಟೂ ಸುಳಿ ಬಲಿಯುತ್ತದೆ. ಬಾವಿಯಲ್ಲಿ ಮುಳುಗುವವನು ಕೈಕಾಲು ಬಡಿದಷ್ಟೂ ಮುಳುಗುವ ಹಾಗೆ. ಇಲ್ಲಿ ಮಾಡಬೇಕಾದದ್ದು ಸುಳಿಯಿಂದ ಮುಂದಕ್ಕೋ ಪಕ್ಕಕ್ಕೋ ಜಾರಿ ಹೊಸ ಗಾಳಿಗೆ ಬರುವುದು.

2011ರ ಮೇ 2ರಂದು ಪಾಕಿಸ್ತಾನದ ಅಬೋಟಾಬಾದಿನಲ್ಲಿ ಒಸಾಮಾ ಬಿನ್ ಲಾದೆನ್ ಮನೆಯ ಅಂಗಳಕ್ಕಿಳಿಯುತ್ತಿದ್ದ ಅಮೆರಿಕದ ಹೆಲಿಕಾಪ್ಟರ್ ಕುಸಿದದ್ದಕ್ಕೆ ಇದೇ ಬಗೆಯ ಸುಳಿ ಕಾರಣ ಎಂದು ಆಗ ವರದಿಯಾಯಿತು. ಎತ್ತರದ ಗೋಡೆಗಳ ನಡುವೆ ಗಾಳಿಗೆ ಹೊರಹೋಗಲು ದಾರಿ ಇರಲಿಲ್ಲ, ಸೆಕೆ ಬೇರೆ. ಪೈಲಟ್ ಅದನ್ನು ಅಂಗಳದಲ್ಲೇ ನೆಲಕ್ಕೆ ತಂದರು. ಒಳಗಿದ್ದವರೆಲ್ಲ ಬದುಕಿ ಹೊರಬಂದರು.

ಎಂಜಿನ್ ಎರಡು, ಗೇರ್‌ಬಾಕ್ಸ್ ಒಂದು

ಸಿಕೊರ್ಸ್ಕಿ ರಷ್ಯಾದಲ್ಲಿದ್ದಾಗ ಅವರದೊಂದು ವಿಮಾನದ ಎಂಜಿನ್ ಸೊಳ್ಳೆಯಿಂದಾಗಿ ನಿಂತಿತ್ತು! ಪೆಟ್ರೋಲಿನಲ್ಲಿ ಸೇರಿದ ಸೊಳ್ಳೆ ಕಾರ್ಬ್ಯುರೇಟರನ್ನು ಕಟ್ಟಿಬಿಟ್ಟಿತ್ತು. ಒಂದು ಸೊಳ್ಳೆಗೆ ಜೀವ ತೆರಬಾರದೆಂದು ಅವರು 1913ರಲ್ಲಿ ನಾಲ್ಕು ಎಂಜಿನ್‌ಗಳ ವಿಮಾನ ಕಟ್ಟಿದರು. ಹೆಲಿಕಾಪ್ಟರುಗಳೂ ಮುಂದೆ ಅದೇ ದಾರಿ ಹಿಡಿದವು. ಇಂದು ಹೆಚ್ಚು ಜನರನ್ನು ಹೊರುವ ಹೆಲಿಕಾಪ್ಟರುಗಳಿಗೆ ಸಾಮಾನ್ಯವಾಗಿ ಎರಡು ಎಂಜಿನ್. ಒಂದು ನಿಂತರೆ ಇನ್ನೊಂದು ಮನೆ ಸೇರಿಸುತ್ತದೆ. ಆದರೆ ಎರಡೂ ಎಂಜಿನ್‌ಗಳ ಬಲ ರೋಟರಿಗೆ ತಲಪುವುದು ಒಂದೇ ಗೇರ್‌ಬಾಕ್ಸಿನ ಮೂಲಕ.

ಅದಕ್ಕಾಗಿಯೇ ಕೈಪಿಡಿಗಳಲ್ಲಿ ದೋಷಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿದ್ದಾರೆ. ಕೆಲವಕ್ಕೆ 'ಅನುಕೂಲದ ಜಾಗ ನೋಡಿ ಇಳಿಸಿ'. ಕೆಲವಕ್ಕೆ 'ಹತ್ತಿರದ ಸುರಕ್ಷಿತ ಜಾಗದಲ್ಲಿ ಆದಷ್ಟು ಬೇಗ ಇಳಿಸಿ'. ಇನ್ನು ಕೆಲವಕ್ಕೆ 'ತಕ್ಷಣ ಇಳಿಸಿ'. ತಕ್ಷಣ ಎಂದರೆ ತಕ್ಷಣ. ಕೆಳಗೆ ಕಾಡಿದ್ದರೂ ಸರಿ, ಕಡಲಿದ್ದರೂ ಸರಿ. ಗೇರ್‌ಬಾಕ್ಸಿನ ಎಣ್ಣೆಯ ಒತ್ತಡ ಪೂರ್ತಿ ಇಳಿದುಹೋಗುವುದು ಈ ಕೊನೆಯ ದರ್ಜೆಗೆ ಸೇರಿದ್ದು.

2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಿಂದ ಸಮುದ್ರದ ತೈಲ ಘಟಕಗಳಿಗೆ ಹೊರಟಿದ್ದ ಎಸ್-92 ಹೆಲಿಕಾಪ್ಟರಿನಲ್ಲಿ ಆದದ್ದು ಇದೇ. ಎಣ್ಣೆಯ ಫಿಲ್ಟರನ್ನು ಹಿಡಿದಿದ್ದ ಟೈಟಾನಿಯಂ ಬೋಲ್ಟುಗಳು ತುಂಡಾಗಿ ಎಣ್ಣೆಯೆಲ್ಲ ಸೋರಿಹೋಯಿತು. ಕೆಳಗೆ ಕೊರೆಯುವ ಅಟ್ಲಾಂಟಿಕ್. ಪೈಲಟ್‌ಗಳು ದಡದ ಕಡೆ ತಿರುಗಿದರು. ಎಣ್ಣೆಯಿಲ್ಲದೆಯೂ ಈ ಮಾದರಿಯ ಗೇರ್‌ಬಾಕ್ಸ್ ಅರ್ಧ ಗಂಟೆ ನಡೆಯುತ್ತದೆಂಬ ತಪ್ಪು ತಿಳಿವಳಿಕೆ ಆ ಕಾಲದಲ್ಲಿ ಹಬ್ಬಿತ್ತು. ಅದು ನಡೆದದ್ದು ಸುಮಾರು ಹನ್ನೊಂದು ನಿಮಿಷ. ಹದಿನೆಂಟು ಮಂದಿಯಲ್ಲಿ ಉಳಿದದ್ದು ಒಬ್ಬರೇ. ಕೆಲವೇ ತಿಂಗಳ ಹಿಂದೆ, 2008ರ ಜುಲೈನಲ್ಲಿ, ಆಸ್ಟ್ರೇಲಿಯಾದಲ್ಲಿ ಇದೇ ಮಾದರಿಗೆ ಇದೇ ದೋಷ ಬಂದಿತ್ತು. ಆಗ ಬೇಗ ಇಳಿಸಿದ್ದರಿಂದ ಎಲ್ಲರೂ ಬದುಕಿದ್ದರು. ತಣ್ಣನೆಯ ಕಡಲಿಗಿಂತ ಮನೆಯ ದಾರಿ ಮೇಲೆಂದು ಯಾರಿಗಾದರೂ ಅನಿಸುತ್ತದೆ. ಸಹಜವಾಗಿ ಅನಿಸಿದ್ದು ಇಲ್ಲಿಯೂ ಕೈಕೊಟ್ಟಿತು.

ಆತುರಗಾರನಿಗೆ ಬುದ್ಧಿ ಮಟ್ಟ

ಒಂದು ಕಡೆ ಸೆಕೆಂಡು ತಡವಾದರೆ ಅಪಾಯ. ಇನ್ನೊಂದು ಕಡೆ ದೀಪ ಹೊತ್ತಿಕೊಂಡಿತೆಂದು ಅದರಲ್ಲೇ ಮುಳುಗಿದರೂ ಅಪಾಯ. ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ 2009ರ ಸೆಪ್ಟೆಂಬರ್ 2ರಂದು ಹೈದರಾಬಾದಿನಿಂದ ಚಿತ್ತೂರಿಗೆ ಹೊರಟಿದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದು ಐವರೂ ಸತ್ತರು. ಹೆಲಿಕಾಪ್ಟರ್ ಬಲವಾದ ಕೆಳಮುಖ ಗಾಳಿಗೆ ಸಿಕ್ಕಿ ಹತೋಟಿ ತಪ್ಪಿತೆಂದು ತನಿಖಾ ಸಮಿತಿ ಹೇಳಿತು. ಜೊತೆಗೆ ಇನ್ನೊಂದು ಸಂಗತಿಯನ್ನೂ ಗುರುತಿಸಿತು. ಕೊನೆಯ ಹಲವು ನಿಮಿಷಗಳು ಪೈಲಟ್‌ಗಳ ಗಮನ ಗೇರ್‌ಬಾಕ್ಸ್ ಎಣ್ಣೆಯ ಒತ್ತಡದ ಸೂಚನೆಯೊಂದರ ಮೇಲಿತ್ತು. ಅದಕ್ಕೆ ಪರಿಹಾರವನ್ನು ಅವರು ಕೈಪಿಡಿಯಲ್ಲಿ ಹುಡುಕುತ್ತಿದ್ದರು. ಸುತ್ತ ಹವೆ ಕೆಡುತ್ತಿತ್ತು.

ಪೈಲಟ್ಟಿಗೆ ಮೊದಲ ದಿನವೇ ಹೇಳಿಕೊಡುವ ಮಾತೊಂದಿದೆ. ಮೊದಲು ಯಂತ್ರವನ್ನು ಹಾರಿಸು, ಆಮೇಲೆ ದಾರಿ ನೋಡು, ಮಾತಾಡುವುದು ಕೊನೆಗೆ. ಇಬ್ಬರು ಪೈಲಟ್‌ಗಳಿದ್ದರೆ ಒಬ್ಬರು ಪುಸ್ತಕ ತೆರೆಯುತ್ತಾರೆ, ಇನ್ನೊಬ್ಬರ ಕಣ್ಣು ಹೊರಗಿನಿಂದ ಮತ್ತು ಮಾಪಕಗಳಿಂದ ಕದಲಬಾರದು.

ಮೋಡದೊಳಗೆ ಹೊಕ್ಕಾಗ ಮೋಸ ಮಾಡುವುದು ದೇಹವೇ. ನೆಲವಾಗಲಿ ದಿಗಂತವಾಗಲಿ ಕಾಣದಿದ್ದರೆ, ಬಾಗಿ ಇಳಿಯುತ್ತಿರುವ ಯಂತ್ರ ನೆಟ್ಟಗೆ ಹೋಗುತ್ತಿದೆ ಎಂದು ಒಳಗಿವಿ ಹೇಳುತ್ತದೆ. ಜನರಲ್ ಬಿಪಿನ್ ರಾವತ್ ಸೇರಿದಂತೆ 14 ಮಂದಿಯನ್ನು ಬಲಿ ತೆಗೆದುಕೊಂಡ 2021ರ ಡಿಸೆಂಬರ್ 8ರ ಕೂನೂರು ಅಪಘಾತದ ಬಗ್ಗೆ ತನಿಖೆ ಹೇಳಿದ್ದು ಇದನ್ನೇ. ಕಣಿವೆಯಲ್ಲಿ ಹವೆ ಒಮ್ಮೆಲೇ ಬದಲಾಗಿ ಹೆಲಿಕಾಪ್ಟರ್ ಮೋಡ ಹೊಕ್ಕಿತು, ಪೈಲಟ್ಟಿಗೆ ದಿಕ್ಕಿನ ಅರಿವು ತಪ್ಪಿತು, ಯಂತ್ರದಲ್ಲಿ ದೋಷವಿರಲಿಲ್ಲ. ಆ ಅಪಘಾತದಲ್ಲಿ ಸುಟ್ಟ ಗಾಯಗಳೊಂದಿಗೆ ಬದುಕುಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ನಂತರ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮೋಡ ಹೊಕ್ಕವರು ಮೈ ಹೇಳಿದ್ದನ್ನು ಬಿಟ್ಟು ಮಾಪಕ ಹೇಳಿದ್ದನ್ನು ನಂಬಬೇಕು. ಅದಕ್ಕಿಂತ ಮೇಲಾದದ್ದು, ಮೋಡ ಕಂಡಾಗಲೇ ತಿರುಗಿ ಬರುವುದು.

ಬೆಂಗಳೂರಿನ ನಂಟು

ಬೂಲೆ ಹಾರಿಸಿದ ಲಾಮಾ ಹುಟ್ಟಿದ್ದೇ ಭಾರತಕ್ಕಾಗಿ. ಹಿಮಾಲಯದ ಎತ್ತರಗಳಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂದು ನಮ್ಮ ಸೇನೆ ಕೇಳಿದ್ದರಿಂದ ಫ್ರೆಂಚರು ಅದನ್ನು ರೂಪಿಸಿದರು. 1969ರಲ್ಲಿ ಅದು ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿ ತೋರಿಸಿತು. ಮುಂದೆ ಅದನ್ನು ಬೆಂಗಳೂರಿನ ಎಚ್‌ಎಎಲ್ 'ಚೀತಾ' ಎಂಬ ಹೆಸರಿನಲ್ಲಿ ಕಟ್ಟಿತು. 1984ರಿಂದ ಸಿಯಾಚಿನ್ ಹಿಮದ ನೆಲೆಗಳಿಗೆ ಅನ್ನ, ಔಷಧಿ ಮುಟ್ಟಿಸಿದ್ದು, ಗಾಯಾಳುಗಳನ್ನು ಇಳಿಸಿ ತಂದದ್ದು ಈ ಪುಟ್ಟ ಯಂತ್ರ. ಅದಕ್ಕಿರುವುದು ಒಂದೇ ಎಂಜಿನ್. ಅಲ್ಲಿ ಹಾರುವ ಪೈಲಟ್ಟಿಗೆ ಸಿಯೆರ್ವಾರ ವಿದ್ಯೆ ಬಿಟ್ಟರೆ ಬೇರೆ ಆಸರೆಯಿಲ್ಲ. ತೆಳು ಗಾಳಿಯಲ್ಲಿ ಯಂತ್ರ ಇನ್ನೂ ಬೇಗ ಇಳಿಯುತ್ತದೆ, ಕೆಳಗೆ ಸಮತಟ್ಟು ನೆಲ ಅಪರೂಪ.

ಬೆಂಗಳೂರಿನಲ್ಲೇ ರೂಪುಗೊಂಡ, ಎರಡು ಎಂಜಿನ್‌ಗಳ 'ಧ್ರುವ' 1992ರ ಆಗಸ್ಟ್ 20ರಂದು ಮೊದಲು ಹಾರಿತು. 2023ರ ಮಾರ್ಚ್ 8ರಂದು ಮುಂಬೈ ಕಡಲ ಮೇಲಿದ್ದ ನೌಕಾಪಡೆಯ ಧ್ರುವ ಒಮ್ಮೆಲೇ ಬಲ ಕಳೆದುಕೊಂಡು ಕುಸಿಯತೊಡಗಿತು. ಮುಂದೆ, ಹಿಂದೆ, ಪಕ್ಕಕ್ಕೆ ಬಾಗಿಸುವ ಬಲಗೈಯ ಕೋಲು ಮಾತ್ರ ಪೈಲಟ್ಟಿನ ಮಾತು ಕೇಳುತ್ತಿತ್ತು. ಅಷ್ಟನ್ನೇ ಬಳಸಿ ಅವರು ಯಂತ್ರವನ್ನು ಹದವಾಗಿ ನೀರಿನ ಮೇಲೆ ಕೂರಿಸಿದರು, ತೇಲುಚೀಲಗಳು ಬಿಚ್ಚಿಕೊಂಡವು. ಒಳಗಿದ್ದ ಮೂವರೂ ಬದುಕಿ ಬಂದರು.

ಆದರೆ ಎಲ್ಲ ಆಪತ್ತೂ ಪೈಲಟ್ಟಿನ ಕೈಯಲ್ಲಿರುವುದಿಲ್ಲ. 2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್ ಫುಟ್‌ಬಾಲ್ ಮೈದಾನದಿಂದ ಮೇಲೆದ್ದ ಎಡಬ್ಲ್ಯು-169 ಹೆಲಿಕಾಪ್ಟರಿನ ಬಾಲದ ರೋಟರಿನೊಳಗೆ ಬೇರಿಂಗ್ ಬಿಗಿದು ಹಿಡಿದುಕೊಂಡಿತು. ಪೆಡಲ್‌ಗಳ ನಂಟು ಕಡಿದು ಯಂತ್ರ ಬುಗುರಿಯಂತೆ ತಿರುಗಿತು. ತಂಡದ ಮಾಲೀಕ ವಿಚೈ ಶ್ರೀವದ್ಧನಪ್ರಭ ಸೇರಿ ಐವರು ಸತ್ತರು. ಹತೋಟಿ ಮರಳಿ ಸಿಗುವಂತಿರಲಿಲ್ಲವೆಂದು ತನಿಖೆ ತೀರ್ಮಾನಿಸಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಬಿದ್ದು ಮೂವರು ಸತ್ತರು. ಪೈಲಟ್ಟಿನ ಸನ್ನೆಗಳನ್ನು ರೆಕ್ಕೆಗಳಿಗೆ ಮುಟ್ಟಿಸುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆ ಮುರಿದದ್ದು ತನಿಖೆಯಲ್ಲಿ ಕಂಡಿತು. ಧ್ರುವಗಳ ಹಾರಾಟವನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಆ ತಟ್ಟೆ ಮುರಿದ ಮೇಲೆ ಯಾವ ತರಬೇತಿಯೂ ನೆರವಿಗೆ ಬಾರದು. ಅಂಥ ಕಡೆ ತುರ್ತು ಸಂದರ್ಭವನ್ನು ನಿಭಾಯಿಸಬೇಕಾದ ಜಾಗ ಆಕಾಶವಲ್ಲ. ನಕ್ಷೆ ಬರೆಯುವ ಮೇಜು, ಕಾರ್ಖಾನೆ, ರಿಪೇರಿಯ ಶೆಡ್ಡು.

ಉಳಿದದ್ದಕ್ಕೆ ಅಭ್ಯಾಸವೇ ಮದ್ದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇಲ್ಲಿ ನಡೆಯದು. ಬೆಂಗಳೂರಿನ ಹ್ಯಾಟ್ಸಾಫ್ ತರಬೇತಿ ಕೇಂದ್ರದಲ್ಲಿ 2010ರ ಹೊತ್ತಿಗೆ ಸಿಮ್ಯುಲೇಟರ್, ಅಂದರೆ ಹುಸಿ ಹಾರಾಟದ ಯಂತ್ರ, ಬಂದಿತು. ಇಂಥ ಯಂತ್ರದ ಕೊಠಡಿಯಲ್ಲಿ ಬಾಲದ ರೋಟರ್ ಎಷ್ಟು ಸಲ ಬೇಕಾದರೂ ಕೆಡಬಹುದು, ಮೋಡ ಕವಿಯಬಹುದು, ಎರಡೂ ಎಂಜಿನ್ ಒಟ್ಟಿಗೇ ಆರಬಹುದು. ಯಾರಿಗೂ ಗಾಯವಾಗದು. ಹೆದರಿಕೆ ಮೇಲೆಳೆ ಎಂದಾಗ ಕೆಳಗೊತ್ತುವ ಎಡಗೈ, ಮನೆಗೆ ಹೋಗು ಎಂದಾಗ ಇಲ್ಲೇ ಇಳಿಸುವ ಮನಸ್ಸು ಅಲ್ಲಿ ಸಾವಿರ ಸಲ ಮಾಡಿ ರೂಢಿಯಾಗುತ್ತದೆ. ಮುಂದೊಂದು ದಿನ ಎಂಜಿನ್ನಿನ ಸದ್ದು ಒಮ್ಮೆಲೇ ನಿಂತಾಗ ಯೋಚಿಸಲು ಸಮಯವಿರುವುದಿಲ್ಲ. ಯೋಚನೆಯೆಲ್ಲ ಮೊದಲೇ ಮುಗಿದಿರಬೇಕು.